ಗೌಂಡಿಯವರಿಗೆ ಹೆಂಗ ಧನ್ಯವಾದ ಹೇಳೋದ್ರಿ?

ಕೊಪ್ಪಳ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ನಾನೂ ಒಬ್ಬ. ಬಿಸಿಯೂಟದ ಕೋಣೆ ಸೋರ್ತಿತ್ತು. ಅಂಗಡಿಯವರೊಬ್ಬರು 12 ಚೀಲ ಸಿಮೆಂಟ್ ಕೊಟ್ರು, ಗೌಂಡಿಯೊಬ್ಬರು ಮೂರು ಭಾನುವಾರ ಕೂಲಿ ಇಲ್ಲದೆ ದುಡಿದ್ರು. ಫ್ಲೆಕ್ಸ್‌ನಲ್ಲಿ ಸಿಮೆಂಟ್ ಕೊಟ್ಟವರ ಫೋಟೋ ಬಾಗಿಲಷ್ಟು ದೊಡ್ಡದು. ಗೌಂಡಿಯವರ ಹೆಸರೇ ಇಲ್ಲ! ಬರೆಸಿದ್ದು ನಾನೇ, ತಪ್ಪು ನನ್ನದೇ. ಈಗ ಎದುರು ಸಿಕ್ರೆ ಅವರು ಸೈಕಲ್ ಇಳಿದು ಮಾತಾಡೋದಿಲ್ಲ. ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿದ್ರೆ ಸಾಕಾ?

ಗಂಗಾವತಿ ಅಕ್ಕ: ಶಾಲು ಟ್ರಂಕಿಗೆ ಹೋಗ್ತದ. ಮೊದಲು ಮನೆಗೆ ಹೋಗಿ ತಪ್ಪಾಯ್ತು ಅನ್ರಿ, ಮೈಕ್ ಆಮೇಲೆ. ಹುಡುಗರ ಕೈಲಿ ಪತ್ರ ಬರೆಸ್ರಿ. ನಮ್ಮಲ್ಲಿ ಮೂರನೇ ಕ್ಲಾಸಿನ ಹುಡುಗಿ 'ಈಗ ನನ್ನ ತಾಟಿನಾಗ ಮಳೆ ಬೀಳಲ್ಲ' ಅಂತ ಬರೆದಿದ್ಲು. ಮಾಳಿಗೆಗೆ ಪತ್ರಾಸ್ (ತಗಡು) ಹಾಕಿದವ ಅದನ್ನ ಇನ್ನೂ ಕಿಸೆಯಲ್ಲೇ ಇಟ್ಕೊಂಡಾನ.

ಸಿಂಧನೂರು ಮೇಷ್ಟ್ರು: ಹಣ ಕೊಟ್ಟವರಿಗೆ ರಸೀದಿಯೂ ಧನ್ಯವಾದವೇ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗ್ತದೆ ಅಂತ ಸುಮ್ಮನೆ ಮಾತು ಕೊಡಬೇಡಿ. ಪಡೆಯುವ ಸಂಸ್ಥೆಗೆ ಮಾನ್ಯತೆ ಇರಬೇಕು, 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗೋದೂ ಇಲ್ಲ.

ಕೊಪ್ಪಳದವ: ಕಾಣಿಕೆ ಕೊಡೋದಾದ್ರೆ ಪಕ್ಕದಲ್ಲೇ ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳ ಐತಲ್ರಿ. ಪ್ಲಾಸ್ಟಿಕ್ ಟ್ರೋಫಿ ಬದಲು ಕಟ್ಟಿಗೆಯ ಪುಟ್ಟ ಆನೆ ಕೊಡ್ರಿ.

ಕೇಳಿದವ: ನಿನ್ನೆ ಹೋಗಿದ್ದೆ. ಚಹಾ ಕೊಟ್ರು. ಫ್ಲೆಕ್ಸ್ ಮಾತೇ ತೆಗೀಲಿಲ್ಲ. 'ಆ ಮೂಲಿಗೆ ಇನ್ನೊಂದು ಕೋಟ್ ಬೇಕು, ಮಳೆಗಾಲದೊಳಗೆ ಹೇಳ್ರಿ' ಅಂದ್ರು.