ವಿಷಯ: ‘ಮಾಲ್‌ಅಬ್ಸಾರ್ಪ್ಷನ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಬರೆದವರು: ಅನುವಾದಕಿ

ಎಲ್ಲರಿಗೂ ನಮಸ್ಕಾರ. ಕರುಳಿನ ಕಾಯಿಲೆಯವರಿಗೆ ಹಂಚುವ ಕೈಹಾಳೆಯೊಂದು ನಾಳೆ ಅಚ್ಚಿಗೆ ಹೋಗಬೇಕು. ತಲೆಬರಹದಲ್ಲಿ ‘ಮಾಲ್‌ಅಬ್ಸಾರ್ಪ್ಷನ್’, ಒಳಗೆ ‘ಸ್ಟಿಯಟೋರಿಯಾ’ ಇವೆ. ಮೊದಲಿನದು ಉಂಡದ್ದರ ಸತ್ವವನ್ನು ಕರುಳು ಸರಿಯಾಗಿ ಒಳಗೆಳೆದುಕೊಳ್ಳದಿರುವುದು, ಎರಡನೆಯದು ಮಲದಲ್ಲಿ ಕೊಬ್ಬು ಹೋಗುವುದು. ಮೊದಲಿನದಕ್ಕೆ ‘ಅಪೌಷ್ಟಿಕತೆ’ ಆಗದು, ಅದು ಪರಿಣಾಮ. ‘ಅಜೀರ್ಣ’ ಅಂದರೆ ಹೊಟ್ಟೆಯುಬ್ಬರಕ್ಕೆ ಮಾತ್ರೆ ಕೇಳುತ್ತಾರೆ. ‘ಅಪಶೋಷಣೆ’ ನಡೆದೀತೇ?

ಬರೆದವರು: ನಿಘಂಟುಪ್ರಿಯ

ನಡೆಯದು. ಕನ್ನಡಿಗನಿಗೆ ಶೋಷಣೆ ಎಂದರೆ ಧಣಿ ಆಳನ್ನು ಹಿಂಡುವುದು. ಶುಷ್ ಧಾತುವಿಗೆ ಮೂಲದಲ್ಲಿ ಇರುವುದು ಒಣಗುವ ಅರ್ಥ. ಹಿಂದಿಯ ‘ಅವಶೋಷಣ’ವನ್ನು ಹೊತ್ತು ತರುವ ದರ್ದು ನಮಗೇನಿದೆ? ‘ಗ್ರಹಣಿ’ ಇಲ್ಲವೇ? ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೇ ಅಧ್ಯಾಯ ತೆಗೆಯಿರಿ: ‘ಅನ್ನಸ್ಯ ಗ್ರಹಣಾದ್ ಗ್ರಹಣೀ ಮತಾ’, ಅನ್ನವನ್ನು ಹಿಡಿಯುವುದರಿಂದ ಅದು ಗ್ರಹಣಿ. ಅಂಗಕ್ಕೂ ಅದೇ ಹೆಸರು, ಅಂಗ ಕೆಟ್ಟರೆ ರೋಗಕ್ಕೂ ಅದೇ. ಇದಕ್ಕಿಂತ ಚೊಕ್ಕಟವಾದ ಪದ ಸಿಗಲಿಕ್ಕಿಲ್ಲ.

ಬರೆದವರು: ಕರುಳುವೈದ್ಯ

ಚೊಕ್ಕಟ ಹೌದು, ಇಲ್ಲಿಗೆ ಹೊಂದುವುದಿಲ್ಲ. ಗ್ರಹಣಿಯಲ್ಲಿ ಅರಗುವುದು, ಹಿಡಿದಿಡುವುದು, ಹೀರುವುದು ಎಲ್ಲ ಒಂದೇ ಗಂಟು. ಈ ಹಾಳೆಗೆ ಬೇಕಾದದ್ದು ಆ ಗಂಟು ಬಿಚ್ಚುವ ಪದ. ಮೇದೋಜೀರಕ ಗ್ರಂಥಿಯ ಕಿಣ್ವ ಸಾಲದಿದ್ದರೆ ಕೊಬ್ಬು ಒಡೆಯುವುದೇ ಇಲ್ಲ, ಕರುಳಿನ ಗೋಡೆ ಸರಿಯಿದ್ದೂ ಉಪಯೋಗವಿಲ್ಲ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಹಾಗಲ್ಲ. ಒಡೆದು ಬಂದದ್ದನ್ನು ಒಳಗೆಳೆಯಬೇಕಾದ ಚಾಚಿಕೆಗಳೇ, ಅಂದರೆ ವಿಲ್ಲಸ್‌ಗಳೇ, ಸವೆದು ಚಪ್ಪಟೆಯಾಗಿರುತ್ತವೆ.

ಇವೆರಡನ್ನು ಬೇರ್ಪಡಿಸಲೆಂದೇ ಝೈಲೋಸ್ ಪರೀಕ್ಷೆ ಇದ್ದದ್ದು. ಒಡೆಯುವ ಅಗತ್ಯವೇ ಇಲ್ಲದ ಆ ಸಕ್ಕರೆಯನ್ನು 25 ಗ್ರಾಂ ಕುಡಿಸಿ, 5 ಗಂಟೆ ಮೂತ್ರ ಹಿಡಿದು ಅಳೆಯುವುದು. ಕಡಿಮೆ ಬಂದರೆ ಗೋಡೆಯ ಮೇಲೆ ಅನುಮಾನ. ಮಲದಲ್ಲಿ ಕೊಬ್ಬು ಹೋಗುತ್ತಿದ್ದೂ ಇದು ಸರಿಯಾಗಿ ಬಂದರೆ ಮೇದೋಜೀರಕದ ಮೇಲೆ. ಮೂತ್ರಪಿಂಡ ಸೋತವರಲ್ಲೂ ಸಣ್ಣಕರುಳಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದವರಲ್ಲೂ ಲೆಕ್ಕ ತಪ್ಪುತ್ತದೆ. ಈಗ ಬಳಕೆ ಕಡಿಮೆ, ಆದರೆ ಪದ ಹುಡುಕುವವರಿಗೆ ದಾರಿ ತೋರಿಸುತ್ತದೆ. ನನ್ನ ಮತ ‘ಅಪಹೀರಿಕೆ’ಗೆ.

ಬರೆದವರು: ಅಚ್ಚಗನ್ನಡ

‘ಹೀರಿಕೆ’ ಸರಿ. ಹಳಗನ್ನಡದ ಪೀರ್, ಪಕಾರ ಹಕಾರವಾಗಿ ಹೀರು. ಅದರ ತಲೆಗೆ ‘ಅಪ’ ಯಾಕೆ? ಸಂಸ್ಕೃತಕ್ಕೆ ಕನ್ನಡ ಬೆಸೆದ ಶುದ್ಧ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಕಾಯಿಲೆಗಲ್ಲ.

ಬರೆದವರು: ಕರಡುತಿದ್ದುವವ

ಉಪಸರ್ಗ ಹತ್ತಿದರೆ ಅದು ಸಮಾಸ ಹೇಗಾದೀತು? ‘ಅಪನಂಬಿಕೆ’ಯನ್ನು ದಿನಾ ಬಳಸುತ್ತೀರಲ್ಲ, ಆಗ ಕೇಶಿರಾಜ ನೆನಪಾಗಲಿಲ್ಲವೇ? ‘ಅಪಹೀರಿಕೆ’ಗೆ ನನ್ನ ತಕರಾರು ಬೇರೆ. ಕೇಳಿದರೆ ಅಪಹರಣದ ನೆಂಟನ ಹಾಗಿದೆ. ‘ಹೀರಿಕೆ ಕೊರತೆ’ ಎಂದು ಬಿಡಿಸಿ ಬರೆಯಿರಿ. ಕೆಳಗೆ ಒಂದು ಸಾಲು: ‘ಉಂಡದ್ದು ಮೈಗೆ ಹತ್ತದಿರುವುದು’. ಜನ ಆಡುವ ಮಾತು ಅದೇ.

ಬರೆದವರು: ನಿಘಂಟುಪ್ರಿಯ

‘ಮೈಗೆ ಹತ್ತದು’ ಅಂತ ಸಪೂರ ಇರುವ ಪ್ರತಿಯೊಬ್ಬರಿಗೂ ಅನ್ನುತ್ತಾರೆ. ಶಾಸ್ತ್ರಕ್ಕೆ ಆಡುಮಾತು ಸಾಕೆಂದರೆ ನಿಘಂಟುಗಳನ್ನು ರದ್ದಿಗೆ ಹಾಕಿ.

ಬರೆದವರು: ಕರುಳುವೈದ್ಯ

ಸಪೂರ ಇಲ್ಲದವರಿಗೂ ಇದು ಬರುತ್ತದೆ, ಹಾಗಾಗಿ ಆ ಸಾಲು ಒಂದೇ ಸಾಲದು. ಯಾವ ಸತ್ವ ಎಲ್ಲಿ ಒಳಸೇರುತ್ತದೆ ಅನ್ನುವುದರ ಮೇಲೆ ಲಕ್ಷಣ ನಿಂತಿದೆ. ಕಬ್ಬಿಣ ಹೆಚ್ಚಾಗಿ ಸಣ್ಣಕರುಳಿನ ಮೊದಲ ತುಂಡಿನಲ್ಲಿ. ಅಲ್ಲಿ ಕೆಟ್ಟರೆ ರಕ್ತಹೀನತೆಯೊಂದೇ ಕಾಣಿಸಬಹುದು, ಭೇದಿಯೇ ಇರಲಿಕ್ಕಿಲ್ಲ. ಬಿ12 ವಿಟಮಿನ್ ಮತ್ತು ಕೊಬ್ಬು ಅರಗಲು ನೆರವಾಗುವ ಪಿತ್ತಲವಣ ಕೊನೆಯ ತುಂಡಿನಲ್ಲಿ. ಆ ಕೊನೆಯಿಂದ 60 ಸೆಂ.ಮೀ.ಗಿಂತ ಹೆಚ್ಚು ಕತ್ತರಿಸಿ ತೆಗೆದವರಿಗೆ ಸಾಮಾನ್ಯವಾಗಿ ಬಿ12 ಚುಚ್ಚುಮದ್ದು ಬೇಕಾಗುತ್ತದೆ. ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದ ಕೊರತೆ ಬಯಲಾಗಲು ವರ್ಷಗಳೇ ಹಿಡಿಯಬಹುದು. ಕೊಬ್ಬು ಹೀರದಿದ್ದರೆ ಅದರಲ್ಲಿ ಕರಗುವ ಎ, ಡಿ, ಇ, ಕೆ ನಾಲ್ಕೂ ವಿಟಮಿನ್ ಮಲದ ಪಾಲು. ಕೆ ಇಳಿದರೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ.

‘ಹೀರಿಕೆ ಕೊರತೆ’ಗೆ ನನ್ನ ಒಪ್ಪಿಗೆ ಇದೆ. ಪಕ್ಕದಲ್ಲಿ ‘ಮಾಲ್‌ಅಬ್ಸಾರ್ಪ್ಷನ್’ ಅಂತಲೂ ಇರಲಿ. ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ ಬರೆದಿರುವುದು ಅದೇ.

ಬರೆದವರು: ಅನುವಾದಕಿ

ತಲೆಬರಹ ‘ಹೀರಿಕೆ ಕೊರತೆ’ ಎಂದೇ ಇಟ್ಟೆ. ಸ್ಟಿಯಟೋರಿಯಾಕ್ಕೆ ‘ಕೊಬ್ಬುಭೇದಿ’ ಬರೆದು, ಗುರುತಾಗಿ ‘ತೇಲುವ ಮಲ’ ಎಂದು ಕೊಟ್ಟಿದ್ದೇನೆ.

ಬರೆದವರು: ಅಚ್ಚಗನ್ನಡ

ಕೊಬ್ಬು ಅಂದರೆ ಸೊಕ್ಕು ಕೂಡ. ‘ಜಿಡ್ಡುಮಲ’ ಅನ್ನಿ. ಅದರಲ್ಲೂ ‘ಮಲ’ ಸಂಸ್ಕೃತವೇ, ಸದ್ಯಕ್ಕೆ ಬಿಟ್ಟಿದ್ದೇನೆ. ‘ಕಿಣ್ವ’ವನ್ನು ಮಾತ್ರ ಬಿಡಲಾರೆ. ಸಂಸ್ಕೃತದಲ್ಲಿ ಅದು ಹೆಂಡ ಹುಳಿಸುವ ಹೆಪ್ಪು.

ಬರೆದವರು: ಕರಡುತಿದ್ದುವವ

ಹಾಗಾದರೆ ‘ಎಂಜೈಮ್’ ಅನ್ನಬೇಕು. ಸಂಸ್ಕೃತದಿಂದ ತಂದರೆ ಸಾಲ, ಇಂಗ್ಲಿಷಿನಿಂದ ತಂದರೆ ಸ್ವಂತ ದುಡ್ಡು ಅನ್ನುವ ಲೆಕ್ಕ ನನಗಂತೂ ಇವತ್ತಿನವರೆಗೆ ಅರ್ಥವಾಗಿಲ್ಲ.

ಬರೆದವರು: ಕರುಳುವೈದ್ಯ

ಈ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ಹಾಳೆಗೆ ‘ಜಿಡ್ಡುಮಲ’ ಚೆನ್ನಾಗಿದೆ. ‘ತೇಲುವ’ ಒಂದನ್ನೇ ಗುರುತಾಗಿ ಕೊಡಬೇಡಿ, ಮಲ ತೇಲುವುದಕ್ಕೆ ಮುಖ್ಯ ಕಾರಣ ಅದರೊಳಗಿನ ಗಾಳಿ. ‘ಮಾಸಲು ಬಣ್ಣ, ಜಿಡ್ಡು, ವಿಪರೀತ ನಾತ, ನೀರು ಹೊಯ್ದರೂ ಬೇಗ ಹೋಗದಿರುವುದು’ ಎಂದು ಬರೆಯಿರಿ.

ಕರಡಿನಲ್ಲಿ ಇನ್ನೂ ಮೂರು ಕಡೆ ತಿದ್ದಬೇಕು. ಮಲದ ಕೊಬ್ಬು ಅಳೆಯುವ 3 ದಿನವೂ ದಿನಕ್ಕೆ ಸುಮಾರು 100 ಗ್ರಾಂ ಕೊಬ್ಬು ತಿನ್ನಲೇಬೇಕು. ಮಲದಲ್ಲಿ ದಿನಕ್ಕೆ 7 ಗ್ರಾಂ ಮೀರಿದರೆ ದೋಷ. ಹೆದರಿ ಜಿಡ್ಡು ಬಿಟ್ಟವರ ವರದಿ ಸುಳ್ಳೇ ಸರಿಯಾಗಿ ಬರುತ್ತದೆ, ನಿಮ್ಮ ಕರಡಿನಲ್ಲಿರುವ ‘ಹಿತಮಿತ ಆಹಾರ’ ಅದಕ್ಕೆ ಹಾದಿ ಮಾಡಿಕೊಡುತ್ತದೆ. ಸೀಲಿಯಾಕ್ ರಕ್ತಪರೀಕ್ಷೆಗೆ ಮುಂಚೆ ಗ್ಲೂಟೆನ್ ಬಿಡಬಾರದು ಎಂಬ ಸಾಲು ಬಿಟ್ಟುಹೋಗಿದೆ, ಬಿಟ್ಟರೆ ರಕ್ತದಲ್ಲಿ ಹುಡುಕುವ ಪ್ರತಿಕಾಯವೇ (ಆ್ಯಂಟಿಬಾಡಿ) ಇಳಿದು ಕಾಯಿಲೆ ಪತ್ತೆಯಾಗದೆ ತಪ್ಪಿಸಿಕೊಳ್ಳುತ್ತದೆ. ಕಿಣ್ವದ ಕ್ಯಾಪ್ಸೂಲಿಗೆ ‘ಊಟವಾದ ಮೇಲೆ’ ಅಂತಿದೆ. ‘ಮೊದಲ ತುತ್ತಿನ ಜೊತೆ, ಒಂದಕ್ಕಿಂತ ಹೆಚ್ಚಿದ್ದರೆ ಉಳಿದದ್ದು ಊಟದ ನಡುವೆ’ ಎಂದು ಮಾಡಿ, ಅಚ್ಚಿಗೆ ಕಳಿಸಿ.