ಎರಡು ಸೂಟ್‌ಕೇಸ್ ಮತ್ತು ಒಂದು ನಕ್ಷೆ

ದೊಡ್ಡಪ್ಪ: ಈ ವಿಡಿಯೋ ಎಲ್ಲರೂ ನೋಡಿ. ಅಮೆರಿಕದ ಕಪ್ಪು ಜನ ಹಿಂದುಳಿದದ್ದು ಅವರ ಸ್ವಭಾವದಿಂದಲೇ ಅಂತ ಹೇಳಿದ್ದಾರೆ. ಅಮೆರಿಕದಲ್ಲಿ ಗುಲಾಮಗಿರಿ ಹೋಗಿದ್ದು 1865ರಲ್ಲಿ. ಕಪ್ಪು ಜನ ಇನ್ನೂ ಅದನ್ನೇ ಹೇಳಿಕೊಂಡು ಕೂತಿದ್ದಾರೆ. ನಮ್ಮ ಭಾರತೀಯರು ಅಲ್ಲಿಗೆ ಎರಡು ಸೂಟ್‌ಕೇಸ್ ಹಿಡಿದು ಹೋದರು. ಒಂದೇ ತಲೆಮಾರಿನಲ್ಲಿ ಮನೆ ಮಾಡಿಕೊಂಡರು.

ಚಿಕ್ಕಮ್ಮ: ನಿಜ ಭಾವ. ಕಷ್ಟಪಟ್ಟರೆ ಯಾರಾದರೂ ಮೇಲೆ ಬರಬಹುದು.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಮನೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರದ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿತು. ಕಪ್ಪು ಜನ ಇದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಅಂದರೆ ಅಲ್ಲಿ ಸಾಲ ಕೊಟ್ಟರೆ ಅಪಾಯ ಅಂತ. ಸರ್ಕಾರದ ಖಾತ್ರಿ ಇದ್ದ ಮನೆ ಸಾಲವೆಲ್ಲ ಹೆಚ್ಚಾಗಿ ಬಿಳಿಯರ ಹೊಸ ಬಡಾವಣೆಗಳಿಗೆ ಹೋಯಿತು. ಇಂಥ ಭೇದ ತಪ್ಪು ಅಂತ ಕಾನೂನು ಬಂದಿದ್ದು 1968ರಲ್ಲಿ. ಸಂಬಳ ಬರುತ್ತಿದ್ದರೂ ಮನೆ ಕೊಳ್ಳಲಾಗದ ಅಪ್ಪ ಮಕ್ಕಳಿಗೆ ಏನು ಬಿಟ್ಟುಹೋಗುತ್ತಾನೆ? ಆ ಮಕ್ಕಳು ಇವತ್ತೂ ಬದುಕಿದ್ದಾರೆ.

ಅಣ್ಣ: ನಮ್ಮವರನ್ನೇನು ರತ್ನಗಂಬಳಿ ಹಾಸಿ ಕರೆದರಾ?

ನಾನು: ಇಲ್ಲ ಅಣ್ಣ. ಭಾರತದಿಂದ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅನ್ನುವವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟು ಅವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. 1946ರಲ್ಲಿ ವಲಸೆ ಹೋಗಲು ಭಾರತೀಯರಿಗೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದರ ಹಿಂದಿನ ವರ್ಷವಷ್ಟೇ ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಕಪ್ಪು ಜನ ಏಟು ತಿಂದು, ಜೈಲಿಗೆ ಹೋಗಿ ಮಾಡಿದ ಹೋರಾಟವೇ ನಮಗೂ ದಾರಿ ಮಾಡಿಕೊಟ್ಟಿತು. ಆಮೇಲೆ ಹೋದವರಲ್ಲಿ ಡಾಕ್ಟರು, ಇಂಜಿನಿಯರುಗಳು ಜಾಸ್ತಿ. ಸೂಟ್‌ಕೇಸ್ ಎರಡೇ ಇರಬಹುದು. ಡಿಗ್ರಿ ಜೊತೆಗಿತ್ತು ಅಲ್ವಾ?

ದೊಡ್ಡಪ್ಪ: ಹಾಗಾದರೆ ಹೊರಗಿನವರು ಬಾಯಿ ಮುಚ್ಚಿಕೊಂಡಿರಬೇಕಾ? ವರ್ಣಭೇದ ಸಹಿಸದೆ 1946ರಲ್ಲಿ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ಕಡಿದುಕೊಂಡದ್ದು ಭಾರತ.

ನಾನು: ಅದು ನನಗೂ ಹೆಮ್ಮೆ. ಆದರೆ ಆಗ ನಾವು ತಪ್ಪು ಅಂದಿದ್ದು ಒಂದು ಸರ್ಕಾರದ ಕಾನೂನನ್ನು. ಈ ವಿಡಿಯೋ ಆ ಥರದ ಕಾನೂನಿನಿಂದ ಪೆಟ್ಟು ತಿಂದವರ ಸ್ವಭಾವವೇ ಸರಿಯಿಲ್ಲ ಅನ್ನುತ್ತದೆ. ನನಗೆ ನೋವಾಗಿದ್ದು ಅಲ್ಲಿ.

ಚಿಕ್ಕಮ್ಮ: ಸಾಲದ ವಿಷಯ ನನಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ: ಕಷ್ಟಪಡಬೇಕು ಅನ್ನುವ ಮಾತು ನಾನು ಬಿಡುವುದಿಲ್ಲ. ಆ ನಕ್ಷೆ ಇದ್ದರೆ ಕಳಿಸು, ನೋಡೋಣ.

ನಾನು: ಶಿಕಾಗೋದ್ದು ಕಳಿಸುತ್ತೇನೆ ದೊಡ್ಡಪ್ಪ. ದೊಡ್ಡದು ಮಾಡಿ, ಕಪ್ಪು ಜನ ಹೆಚ್ಚಾಗಿದ್ದ ದಕ್ಷಿಣ ಭಾಗ ನೋಡಿ.