ಪದಚರ್ಚೆ: ‘ಮದ್ದು ಬಿಡುವುದು’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಮೆಡಿಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ತಂಗಿಯ ಮಗಳು ಎಂ.ಫಾರ್ಮ್ ಓದುತ್ತಿದ್ದಾಳೆ, ಅವಳ ವಿಷಯ ಡೆಂಡ್ರಿಮರ್. ‘ವಾಚನಾಲಯದ ಗೋಡೆ ಪತ್ರಿಕೆಗೆ ಇದರ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಮಾವ’ ಅಂದಳು. ಬರೆದೆ. ಸಿಕ್ಕಿಹಾಕಿಕೊಂಡದ್ದು ದೊಡ್ಡ ಪದದಲ್ಲಿ ಅಲ್ಲ, ‘ಬಿಡು’ ಎಂಬ ಎರಡಕ್ಷರದಲ್ಲಿ.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಡೆಂಡ್ರಿಮರ್ ಅಂದರೆ ಕವಲೊಡೆಯುತ್ತಾ ಬೆಳೆಸಿದ ಪಾಲಿಮರ್ ಅಣು, ಅಂದರೆ ಸಣ್ಣ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ್ದು. ಮೈಯೊಳಗೆ ಮದ್ದು ಹೊತ್ತೊಯ್ಯಲು ಇದನ್ನು ಬಳಸುವ ಪ್ರಯತ್ನ ನಡೆದಿದೆ. ನಡುವೆ ಒಂದು ತಿರುಳು, ಅದರಿಂದ ಗೆಲ್ಲು, ಪ್ರತಿ ಗೆಲ್ಲಿಗೆ ಮತ್ತೆರಡು ಗೆಲ್ಲು. ಪಮಾಮ್ ಎಂಬ ಬಗೆಯಲ್ಲಿ ಸಾಮಾನ್ಯವಾಗಿ ಶುರುವಿಗೆ 4 ತುದಿ. ಆಮೇಲೆ 8, 16, 32, 64, ಐದನೇ ತಲೆಮಾರಿಗೆ 128. ಅಷ್ಟಾದರೂ ಅಡ್ಡಗಲ ಸುಮಾರು 5 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಅಷ್ಟೇ. (ಜನರೇಶನ್‌ಗೆ ‘ತಲೆಮಾರು’ ಹಾಕಿದ್ದೇನೆ. ಇಲ್ಲಿ ಅಜ್ಜ ಒಳಗೇ ಉಳಿಯುತ್ತಾನೆ, ಮೊಮ್ಮಕ್ಕಳೆಲ್ಲ ಜಗಲಿಯಲ್ಲಿ!)

ಹೆಸರಿನ ವಿಷಯದಲ್ಲಿ ವಿಜ್ಞಾನಿಗಳಿಗೂ ಒಮ್ಮತ ಇರಲಿಲ್ಲ. 1978ರಲ್ಲಿ ಜರ್ಮನಿಯ ಫೋಗ್ಟ್ಲೆ ಮತ್ತು ಜೊತೆಯವರು ಇಂಥ ಸಣ್ಣ ಅಣುಗಳಿಗೆ ಜಲಪಾತದ ಹೆಸರು ಹಿಡಿದು ‘ಕ್ಯಾಸ್ಕೇಡ್’ ಅಂದರು. 1985ರಲ್ಲಿ ಅಮೆರಿಕದ ಟೊಮಾಲಿಯಾ ಗ್ರೀಕಿನ ‘ಮರ’ ಎಂಬ ಪದವನ್ನು ಹಿಡಿದು ‘ಡೆಂಡ್ರಿಮರ್’ ಅಂದರೆ, ಅದೇ ವರ್ಷ ನ್ಯೂಕೋಮ್ ಲ್ಯಾಟಿನ್ನಿನ ಮರವನ್ನು ಹಿಡಿದು ‘ಆರ್ಬೊರೋಲ್’ ಅಂದರು. ಡೆಂಡ್ರಿಮರ್ ಗೆದ್ದಿತು. ನಾನೂ ಅದನ್ನೇ ಇಟ್ಟುಕೊಂಡೆ. ‘ವೃಕ್ಷಾಣು’ ಆಗಬಹುದೇನೋ ಅಂತ ಗೆಳೆಯರೊಬ್ಬರು ಹೇಳಿದರು. ಅದು ಯಾವುದೋ ಹೊಸ ರೋಗಾಣುವಿನ ಹಾಗೆ ಕೇಳುತ್ತದೆ. ಅಲ್ಲದೆ ಮರ ಅಂದಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಬರುವುದು ಅಡಿಕೆ, ತೆಂಗು. ಅವಕ್ಕೆ ಗೆಲ್ಲೇ ಇಲ್ಲವಲ್ಲ! ಹಾಗಾಗಿ ಅಡಿಕೆಯ ಹಿಂಗಾರದ ಹೋಲಿಕೆ ಕೊಟ್ಟೆ. ಒಂದು ದಂಟು, ಅದರಿಂದ ಎಸಳು, ಎಸಳಿನಿಂದ ಮತ್ತೆ ಎಸಳು. ಅದು ಎಲ್ಲರಿಗೂ ಹೊಳೆಯಿತು.

ತೊಡಕು ಬಂದದ್ದು ಈ ವಾಕ್ಯದಲ್ಲಿ: ‘ಡೆಂಡ್ರಿಮರ್ ರೋಗ ಇರುವ ಜಾಗಕ್ಕೆ ಹೋಗಿ ನಿಧಾನವಾಗಿ ಮದ್ದು ಬಿಡುತ್ತದೆ.’

ಚಿಕ್ಕಮ್ಮ ಓದಿ ಕೇಳಿದರು, ‘ಹಾಗಾದ್ರೆ ಇದು ಬಂದ್ರೆ ನನ್ನ ಮದ್ದು ಬಿಡ್ಲಿಕ್ಕೆ ಆಗ್ತದಾ?’ ತಪ್ಪು ಅವರದ್ದಲ್ಲ. ಅಂಗಡಿಯಲ್ಲಿ ದಿನಾ ನಾನೇ ಹೇಳುವ ಮಾತು ಅದು: ‘ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟ್ರು ಹೇಳಿದ ಹಾಗೆ ನಿಧಾನವಾಗಿ ಬಿಡಿ.’ ಅದೇ ಪದ, ಅದೇ ‘ನಿಧಾನ’, ಅರ್ಥ ಪೂರ್ತಿ ಬೇರೆ. ಪಕ್ಕದ ತೋಟದವರಿಗೆ ಮೂರನೆಯ ಅರ್ಥ ಬಂತು. ಇಲ್ಲಿ ಮಳೆಗಾಲದಲ್ಲಿ ‘ಮದ್ದು ಬಿಟ್ಟಾಯ್ತಾ?’ ಅಂದರೆ ಮಹಾಳಿ (ಕೊಳೆ) ರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಿದಿರಾ ಅಂತ. ಅವರ ಮಾತಿನಲ್ಲಿ ವಿಜ್ಞಾನ ಹೆಚ್ಚು ಸರಿಯಾಗಿತ್ತು: ‘ಗೊನೆಗೇ ಬೀಳಬೇಕು, ಮಳೆಗೆ ತೊಳೆದು ಹೋಗಬಾರದು, ಅದಕ್ಕೇ ಅಲ್ವಾ ರಾಳ ಹಾಕುವುದು?’ ಗುರಿಯೂ ಅಲ್ಲೇ, ಹಿಡಿತವೂ ಅಲ್ಲೇ. ಆದರೂ ನನಗೆ ಬೇಕಾದದ್ದು ಸಿಂಪಡಣೆ ಅಲ್ಲ.

‘ಬಿಡುಗಡೆ ಮಾಡು’ ಅಂದರೆ ಜೈಲು, ಪುಸ್ತಕ ನೆನಪಾಗುತ್ತದೆ. ‘ಸೋರು’ ಅಂದರೆ ಕೆಟ್ಟದ್ದು. ನಿಜ ಹೇಳಬೇಕೆಂದರೆ ದಾರಿಯಲ್ಲೇ ಮದ್ದು ಸೋರಿಹೋಗುವುದು ಡೆಂಡ್ರಿಮರಿನ ಒಂದು ತಲೆನೋವು, ಆ ಪದ ಅದಕ್ಕೇ ಇರಲಿ.

ಮತ್ತೆ ಯೋಚಿಸಿದಾಗ ಗೊತ್ತಾಯಿತು, ಇಲ್ಲಿ ಕೆಲಸವೇ ಎರಡು ಬಗೆ. ಒಂದರಲ್ಲಿ ಮದ್ದು ಗೆಲ್ಲುಗಳ ನಡುವಿನ ಪೊಟರೆಯಲ್ಲಿ ಸುಮ್ನೆ ಕೂತಿರುತ್ತದೆ, ಮೆಲ್ಲಗೆ ಹೊರಗೆ ಬರುತ್ತದೆ. ಇನ್ನೊಂದರಲ್ಲಿ ಮದ್ದನ್ನು ತುದಿಗಳಿಗೆ ರಾಸಾಯನಿಕ ಕೊಂಡಿಯಿಂದ ಕಟ್ಟಿರುತ್ತಾರೆ. ಪಕ್ಕದ ತುದಿಗಳಲ್ಲಿ ಫೋಲಿಕ್ ಆಮ್ಲ. ನಾವು ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ ಇರುವುದೇ! ಕೆಲವು ಕ್ಯಾನ್ಸರ್ ಕೋಶಗಳ ಮೈಮೇಲೆ ಅದನ್ನು ಹಿಡಿಯುವ ಕೊಕ್ಕೆಗಳು ಜಾಸ್ತಿ ಇರುತ್ತವೆ, ಹಾಗಾಗಿ ಅಣು ಅಲ್ಲಿಗೆ ಅಂಟಿಕೊಂಡು ಒಳಗೆ ಹೋಗುತ್ತದೆ. ಕೋಶದೊಳಗಿನ ಪುಟ್ಟ ಚೀಲದಲ್ಲಿ ರಕ್ತಕ್ಕಿಂತ ಹುಳಿ ಹೆಚ್ಚು. ಆ ಹುಳಿಗೆ ಬಿಡಿಸಿಕೊಳ್ಳುವಂಥ ಕೊಂಡಿ ಹಾಕಿದ್ದರೆ ಮದ್ದು ಅಲ್ಲೇ ಕಳಚುತ್ತದೆ.

ಮೊದಲನೆಯದಕ್ಕೆ ‘ಒಸರು’ ಹಾಕೋಣ ಅಂತಿದ್ದೇನೆ. ನಮ್ಮ ಗುಡ್ಡಗಳಲ್ಲಿ ನೀರಿಗೆಂದು ಅಡ್ಡಕ್ಕೆ ಕೊರೆದ ಸುರಂಗಗಳಲ್ಲಿ ಮುರಕಲ್ಲಿನ ಸಂದಿನಿಂದ ನೀರು ಬರುವುದಕ್ಕೆ ಇಲ್ಲಿ ಎಲ್ಲರೂ ಹೇಳುವ ಪದ ಅದೇ. ಎರಡನೆಯದಕ್ಕೆ ‘ಕಳಚು’. ಎರಡೂ ಸೇರಿದ ಒಟ್ಟು ಮಾತು ಬೇಕಾದಾಗ ‘ಹಿಡಿತದಲ್ಲಿ ಮದ್ದುಣಿಸುವುದು’, ನೀರುಣಿಸು ಅನ್ನುತ್ತೇವಲ್ಲ, ಹಾಗೆ.

ನನ್ನ ಪ್ರಶ್ನೆ ಇಷ್ಟು. ಘಟ್ಟದ ಮೇಲಿನವರಿಗೆ ‘ಒಸರು’ ಸಲೀಸಾಗಿ ತಿಳಿಯುತ್ತದಾ, ಅಥವಾ ಕೀವು ಒಸರುವುದು ನೆನಪಾಗುತ್ತದಾ? ‘ಜಿನುಗು’ ವಾಸಿಯಾ? ಮತ್ತೆ ‘ಗೆಲ್ಲು’ ಓದಿದರೆ ನಿಮ್ಮ ಕಡೆ ಕೊಂಬೆ ಅಂತ ಹೊಳೆಯುತ್ತದಾ, ಇಲ್ಲ ಪಂದ್ಯ ಗೆದ್ದ ಹಾಗಾಗುತ್ತದಾ? ಬರುವ ಭಾನುವಾರ ಹಾಳೆ ಅಂಟಿಸಬೇಕು, ಅದರೊಳಗೆ ಹೇಳಿದರೆ ಉಪಕಾರ.